ಸಡಿಲವಾಗಿ ಇಳಿದು ಬಿಗಿಯಾಗಿ ಹಾರಿದ ಗುಂಡು

ಬಾಯಿಯ ಕಡೆಯಿಂದ ಮದ್ದು ತುಂಬುವ ಬಂದೂಕಿನಲ್ಲಿ ಗುಂಡು ಯಾವ ಹಾದಿಯಿಂದ ಒಳಕ್ಕೆ ಇಳಿಯುವುದೋ ಅದೇ ಹಾದಿಯಿಂದ ಹೊರಕ್ಕೆ ಹಾರಬೇಕು. ಇಳಿಯುವಾಗ ಅದು ಸಡಿಲವಾಗಿರಬೇಕು, ಏಕೆಂದರೆ ವೈರಿಯ ಕುದುರೆ ಎದುರಿಗೆ ನುಗ್ಗಿ ಬರುತ್ತಿರುವಾಗ ಸಿಪಾಯಿಗೆ ಅದನ್ನು ತಳದವರೆಗೆ ತಳ್ಳಲು ಕೆಲವು ಕ್ಷಣಗಳ ಅವಕಾಶ ಮಾತ್ರವುಂಟು. ಹಾರುವಾಗ ಬಿಗಿಯಾಗಿರಬೇಕು, ಏಕೆಂದರೆ ಸಡಿಲವಾದ ಗುಂಡಿನ ಸುತ್ತಲೂ ಮದ್ದಿನ ಬಲವು ಸೋರಿಹೋಗುವುದಲ್ಲದೆ, ಗುಂಡು ನಳಿಗೆಯ ಈ ಪಕ್ಕಕ್ಕೂ ಆ ಪಕ್ಕಕ್ಕೂ ತಾಕುತ್ತ ಸಾಗಿ, ಕಟ್ಟಕಡೆಗೆ ಯಾವ ಪಕ್ಕವನ್ನು ತಾಕಿತೋ ಅದರ ವಿರುದ್ಧ ದಿಕ್ಕಿಗೆ ಹೊರಳಿಬಿಡುವುದು. ಪರಸ್ಪರ ವಿರುದ್ಧವಾದ ಈ ಎರಡು ಅಪೇಕ್ಷೆಗಳನ್ನು ಒಂದೇ ಸೀಸದ ತುಂಡಿನಲ್ಲಿ ಕೂಡಿಸುವುದು ಹೇಗೆಂಬ ಪ್ರಶ್ನೆ ಮೂರು ಶತಮಾನಗಳ ಕಾಲ ಶಸ್ತ್ರಶಿಲ್ಪಿಗಳನ್ನು ಕಾಡಿತು. ಅದು ಬಗೆಹರಿದ ರೀತಿಗೂ ಕೃಷ್ಣೆ ತುಂಗಭದ್ರೆಗಳ ನಡುವಣ ನಮ್ಮ ರಾಯಚೂರು ಸೀಮೆಯ ಚರಿತ್ರೆಗೂ ಇರುವ ನಂಟು, ನಾವು ಸಾಮಾನ್ಯವಾಗಿ ಎಣಿಸಿರುವುದಕ್ಕಿಂತ ಹತ್ತಿರದ್ದು.

ಈ ಕಥನವನ್ನು 1520ರಿಂದ ಆರಂಭಿಸುವುದು ಯುಕ್ತ. ಆ ವರ್ಷದ ಮೇ ತಿಂಗಳಿನಲ್ಲಿ ಶ್ರೀಕೃಷ್ಣದೇವರಾಯನು ಬಿಜಾಪುರದ ಇಸ್ಮಾಯಿಲ್ ಆದಿಲ್‌ಶಹನ ಸೈನ್ಯವನ್ನು ಕೃಷ್ಣೆಯ ಕಡೆಗೆ ಹಿಮ್ಮೆಟ್ಟಿಸಿ, ಮರಳಿ ರಾಯಚೂರಿನ ಮುತ್ತಿಗೆಗೆ ಕೈಹಾಕಿದಾಗ, ಕುದುರೆಗಳನ್ನು ಮಾರಲು ಬಂದಿದ್ದ ಕ್ರಿಸ್ಟೊವಾಂವ್ ದ ಫಿಗೇರೆದೊ ಎಂಬ ಪೋರ್ಚುಗೀಜನು ಕೆಲವು ಮಂದಿ ಬಂದೂಕುಗಾರರೊಡನೆ ಆತನ ಪಾಳೆಯದಲ್ಲಿದ್ದನೆಂದು ಪೋರ್ಚುಗೀಜ್ ಲೇಖಕ ನೂನಿಜನ ಬಖೈರು ತಿಳಿಸುತ್ತದೆ. ಅದುವರೆಗೆ ವಿಜಯನಗರದ ಆಳುಗಳು ಹಾರೆ ಗುದ್ದಲಿಗಳನ್ನು ಹಿಡಿದು ಗೋಡೆಯ ಬುಡಕ್ಕೆ ನುಗ್ಗಿ ಕಲ್ಲುಗಳನ್ನು ಕಿತ್ತು ತರುತ್ತಿದ್ದರು. ಕಿತ್ತ ಕಲ್ಲಿಗೆ ಇಷ್ಟು ಹಣವೆಂದು ನಾಯಕರು ಕೊಡುತ್ತಿದ್ದರು. ಮೇಲಿನಿಂದ ಬೀಳುವ ಬಾಣಗಳಿಗೂ ಗುಂಡುಗಳಿಗೂ ಕಲ್ಲುಗಳಿಗೂ ಜನ ಹುಲ್ಲಿನಂತೆ ಬಲಿಯಾಗುತ್ತಿದ್ದರು. ಫಿಗೇರೆದೊನ ಬಂದೂಕುಗಾರರು ಗೋಡೆಯ ಮೇಲೆ ತಲೆಯೆತ್ತಿದವರನ್ನು ಒಬ್ಬೊಬ್ಬರನ್ನಾಗಿ ಗುರಿಯಿಟ್ಟು ಹೊಡೆಯಲಾರಂಭಿಸಿದ ಮೇಲೆ ಕಾವಲಿನವರು ಮುಖ ತೋರಲು ಅಂಜಿದರು, ಕಲ್ಲು ಕೀಳುವ ಕೆಲಸ ನಿರಾತಂಕವಾಗಿ ಸಾಗಿತು. ಏನಾಗುತ್ತಿದೆಯೆಂದು ನೋಡಲು ಗೋಡೆಯಾಚೆಗೆ ಬಾಗಿದ ಕೋಟೆಯ ಅಧಿಪತಿಯ ಹಣೆಗೆ ಗುಂಡು ತಾಕಿ ಆತನು ಮಡಿದನು, ಊರಿನವರು ಶರಣಾದರು. ಒಂದು ದೊಡ್ಡ ಕೋಟೆಯ ಪತನಕ್ಕೆ ದೊಡ್ಡ ತೋಪುಗಳಿಗಿಂತ ಕೈಬಂದೂಕುಗಳು ಹೆಚ್ಚು ಕಾರಣವಾದ ಸಂದರ್ಭಗಳು ಆ ಕಾಲದ ಭಾರತದಲ್ಲಿ ವಿರಳ, ರಾಯಚೂರು ಅವುಗಳಲ್ಲೊಂದು.

ಆ ಬಂದೂಕುಗಳು ಬತ್ತಿಯಿಂದ ಹೊತ್ತಿಸುವಂಥವು, ನಳಿಗೆಯ ಒಳಮೈ ನುಣುಪು, ಗುಂಡು ಉಂಡೆಯಾಕಾರದ್ದು. ಉಂಡೆಯನ್ನು ನಳಿಗೆಯ ಬಾಯಿಗಿಂತ ಬೇಕೆಂದೇ ಕಿರಿದಾಗಿ ಎರಕ ಹೊಯ್ಯುತ್ತಿದ್ದರು. ಹಾಗೇಕೆಂಬುದನ್ನು ತಿಳಿಯಲು ಮದ್ದಿನ ಸ್ವಭಾವವನ್ನು ಬಲ್ಲದಿದ್ದರೆ ಆಗದು. ಪೆಟ್ಲುಪ್ಪು ನೂರಕ್ಕೆ 75 ಪಾಲು, ಇದ್ದಿಲು 15 ಪಾಲು, ಗಂಧಕ 10 ಪಾಲು ಸೇರಿದ ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ ಘನವಾಗಿಯೇ ಉಳಿಯುತ್ತದೆ. ಸ್ವಲ್ಪ ಹೊಗೆಯಾಗಿ ಹೊರಬೀಳುತ್ತದೆ, ಮಿಕ್ಕದ್ದು ಕಿಟ್ಟವಾಗಿ ನಳಿಗೆಯ ಒಳಮೈಗೆ ಅಂಟುತ್ತದೆ. ನಾಲ್ಕಾರು ಸಲ ಹೊಡೆದ ಮೇಲೆ ನಳಿಗೆಯ ಬಾಯಿ ಸ್ಪಷ್ಟವಾಗಿ ಕಿರಿದಾಗುತ್ತದೆ. ಆದಕಾರಣ ಇಂಗ್ಲಿಷರ ‘ಬ್ರೌನ್ ಬೆಸ್’ ಮಸ್ಕೆಟಿನ ನಳಿಗೆಯ ವ್ಯಾಸ 0.75 ಅಂಗುಲವಿದ್ದರೆ ಅದಕ್ಕೆ ಹಾಕುತ್ತಿದ್ದ ಉಂಡೆಯ ವ್ಯಾಸ 0.69 ಅಂಗುಲ ಮಾತ್ರ. ನಡುವಣ ತೆರವು ಹೆಚ್ಚುಕಡಿಮೆ ಒಂದೂವರೆ ಮಿಲಿಮೀಟರು. ಈ ಉದಾರವಾದ ತೆರವಿನಿಂದ ನಿಮಿಷಕ್ಕೆ ಮೂರು ಈಡು ಹೊಡೆಯುವುದು ಸಾಧ್ಯವಾಯಿತು. ಅದೇ ತೆರವಿನಿಂದ ನೂರು ಗಜದಾಚೆಯ ಒಬ್ಬ ಮನುಷ್ಯನಿಗೆ ಗುಂಡು ತಾಕುವುದು ಅದೃಷ್ಟದ ಮಾತಾಯಿತು. ರಾಯಚೂರಿನ ಗೋಡೆಯ ಬಳಿ ಗುರಿ ಫಲಿಸಿದ್ದಕ್ಕೆ ಹೊಡೆಯುವವರ ಕೌಶಲದಷ್ಟೇ ಅಂತರದ ಕಿರಿದುತನವೂ ಕಾರಣವೆಂದು ನಾನು ಭಾವಿಸುತ್ತೇನೆ.

ನಳಿಗೆಯ ಒಳಮೈಯಲ್ಲಿ ಸುರುಳಿಯಾಕಾರದ ತೋಡುಗಳನ್ನು ಕೊರೆದು ಗುಂಡನ್ನು ತಿರುಗಿಸಿದರೆ, ಗರಗರನೆ ತಿರುಗುವ ಬುಗುರಿ ನೆಟ್ಟಗೆ ನಿಲ್ಲುವಂತೆ, ಅದೂ ತನ್ನ ಅಕ್ಷವನ್ನು ಬಿಡದೆ ನೇರವಾಗಿ ಹೋಗುತ್ತದೆಂಬ ತಿಳಿವು ಯೂರೋಪಿನ ಕಮ್ಮಾರರಿಗೆ ಹದಿನಾರನೆಯ ಶತಮಾನದಲ್ಲಿಯೇ ಇತ್ತು. ರೈಫಲು ಎಂಬುದು ಇದೇ. ಆದರೆ ತೋಡುಗಳು ಗುಂಡನ್ನು ತಿರುಗಿಸಬೇಕಾದರೆ ಗುಂಡು ತೋಡುಗಳನ್ನು ಕಚ್ಚಿ ಹಿಡಿಯಬೇಕು. ಕಚ್ಚಿ ಹಿಡಿಯುವಷ್ಟು ಬಿಗಿಯಾದ ಗುಂಡನ್ನು ಮೂರಡಿಗೂ ಮಿಕ್ಕ ನಳಿಗೆಯ ತಳದವರೆಗೆ ಇಳಿಸುವುದು ಬೇಟೆಗಾರನಿಗೆ ಸಾಧ್ಯವಿದ್ದರೂ ಯುದ್ಧದ ಸಾಲಿನಲ್ಲಿ ನಿಂತವನಿಗೆ ದುಸ್ಸಾಧ್ಯ. 1800ರಲ್ಲಿ ಇಂಗ್ಲಿಷ್ ಸೈನ್ಯಕ್ಕೆ ಬಂದ ಬೇಕರ್ ರೈಫಲಿನೊಡನೆ ಮೊದಮೊದಲು ಕೊಡತಿಗಳನ್ನೂ ಕೊಡುತ್ತಿದ್ದರೆಂದರೆ ಆ ಶ್ರಮದ ಅಂದಾಜು ಬರಬಹುದು: ಜಿಡ್ಡು ಸವರಿದ ತೊಗಲಿನ ತುಂಡಿನಲ್ಲಿ ಉಂಡೆಯನ್ನು ಸುತ್ತಿ, ಬಾಯಿಗಿಟ್ಟು, ಕೊಡತಿಯಿಂದ ಬಡಿದು, ಅನಂತರ ಗಜಕೋಲಿನಿಂದ ಇಡಿದು ಇಳಿಸಬೇಕಾಗಿತ್ತು. 1830ರ ದಶಕದ ಕೊನೆಗೆ ಬಂದ ಬ್ರನ್ಸ್‌ವಿಕ್ ರೈಫಲಿಗೆ ಎರಡೇ ತೋಡು, ಅದರ ಉಂಡೆಗೆ ಸೀಸದ ಒಂದು ಪಟ್ಟಿ; ಪಟ್ಟಿ ತೋಡಿನಲ್ಲಿ ಕೂಡುವಂತೆ ಹೊಂದಿಸಿ ತಳ್ಳಬೇಕು. ನಳಿಗೆ ಶುಭ್ರವಾಗಿರುವವರೆಗೆ ಅದು ಇಳಿಯುತ್ತಿತ್ತು, ಕಿಟ್ಟ ಕಟ್ಟಿದ ಮೇಲೆ ತಳ್ಳುವವನ ತೋಳು ಸೋಲುತ್ತಿತ್ತು.

ಉಂಡೆಯನ್ನು ಬಿಟ್ಟು ಶಂಕುವಿನ ಆಕಾರಕ್ಕೆ ಬಂದಾಗ ಲಾಭವೂ ಕಷ್ಟವೂ ಒಟ್ಟಿಗೇ ಬೆಳೆದವು. ಅದೇ ವ್ಯಾಸದ ನಳಿಗೆಯಲ್ಲಿ ಉದ್ದನೆಯ ಗುಂಡು ಉಂಡೆಗಿಂತ ಹೆಚ್ಚು ತೂಗುತ್ತದೆ, ಮೊನಚಾದ ಮೂಗಿನಿಂದ ಗಾಳಿಯನ್ನು ಸುಲಭವಾಗಿ ಸೀಳುತ್ತದೆ, ದೂರ ಹೋದರೂ ವೇಗವನ್ನು ಬೇಗ ಕಳೆದುಕೊಳ್ಳುವುದಿಲ್ಲ. ಆದರೆ ಉಂಡೆ ನಳಿಗೆಯನ್ನು ಒಂದು ತೆಳುವಾದ ಉಂಗುರದಷ್ಟು ಜಾಗದಲ್ಲಿ ಮಾತ್ರ ಮುಟ್ಟಿದರೆ, ಶಂಕುಗುಂಡು ತನ್ನ ಪಾರ್ಶ್ವದುದ್ದಕ್ಕೂ ಮುಟ್ಟುತ್ತದೆ. ಬಿಗಿಯಾಗಿ ಮಾಡಿದರೆ ಘರ್ಷಣೆ ಹಲವು ಪಾಲು ಹೆಚ್ಚುತ್ತದೆ. ಮೇಲಾಗಿ ಅದು ಓರೆಯಾಗಿ ಇಳಿಯಬಾರದು, ಏಕೆಂದರೆ ಬಾಯಲ್ಲಿ ಓರೆಯಾಗಿ ಕೂತ ಗುಂಡಿನ ಓರೆ ಹಾರಾಟದಲ್ಲಿಯೂ ಮುಂದುವರಿಯುತ್ತದೆ. ಗಜಕೋಲಿನ ತುದಿ ಚಪ್ಪಟೆಯಾಗಿದ್ದರೆ ಮೆತ್ತನೆಯ ಸೀಸದ ಮೂಗು ಜಜ್ಜಿಹೋಗುತ್ತದೆಂದು ಅದಕ್ಕೆ ಬಟ್ಟಲಿನಂಥ ಗುಳಿಯನ್ನು ಕಡೆಯಬೇಕಾಯಿತು. ಇನ್ನೊಂದು ಮಾತು ಇದಕ್ಕಿಂತ ಮುಖ್ಯವಾದುದು: ಬಿಗಿಯಾದ ಗುಂಡು ಅರ್ಧದಲ್ಲಿ ಸಿಕ್ಕಿಕೊಂಡು ಅದಕ್ಕೂ ಮದ್ದಿಗೂ ನಡುವೆ ತೆರವು ಉಳಿದರೆ, ಹೊತ್ತಿದ ಮದ್ದಿನ ಒತ್ತಡ ಆ ಜಾಗದಲ್ಲಿ ನಳಿಗೆಯನ್ನು ಉಬ್ಬಿಸುವುದುಂಟು, ಒಡೆಯುವುದೂ ಉಂಟು. ಅನುಭವಿಗಳು ಗಜಕೋಲಿನ ಮೇಲೆ ಗೆರೆ ಕೊರೆದು, ಅದು ಬಾಯಿಯ ಮಟ್ಟಕ್ಕೆ ಬಂದ ಹೊರತು ಗುಂಡು ತಳಕ್ಕೆ ಕೂತಿಲ್ಲವೆಂದು ತಿಳಿಯುತ್ತಿದ್ದುದು ಈ ಭಯದಿಂದ.

ಫ್ರಾನ್ಸಿನವರು ಇದಕ್ಕೆ ಬಲಾತ್ಕಾರದ ಉಪಾಯವನ್ನು ಹುಡುಕಿದರು. ದೆಲ್ವಿಞ್ ಎಂಬ ಅಧಿಕಾರಿ 1826ರಲ್ಲಿ ನಳಿಗೆಯ ತಳದಲ್ಲಿ ಮದ್ದಿಗೆಂದು ಕಿರಿದಾದ ಕೋಣೆ ಮಾಡಿ, ಸಡಿಲವಾಗಿ ಇಳಿದ ಉಂಡೆಯನ್ನು ಆ ಕೋಣೆಯ ಅಂಚಿನ ಮೇಲೆ ಗಜಕೋಲಿನಿಂದ ಬಡಿದು ಚಪ್ಪಟೆಯಾಗಿಸಿ ತೋಡುಗಳಿಗೆ ತುಂಬಿಸಿದನು. ಥೂವೆನೆಂ ಎಂಬವನು 1844ರಲ್ಲಿ ತಳದ ನಡುವೆ ಉಕ್ಕಿನ ಒಂದು ಕಂಬವನ್ನೇ ನಿಲ್ಲಿಸಿ, ಶಂಕುಗುಂಡನ್ನು ಅದರ ಮೇಲೆ ಬಡಿಯುವಂತೆ ಮಾಡಿದನು. ಎರಡರಲ್ಲಿಯೂ ಗುಂಡಿನ ಆಕಾರ ಸಿಪಾಯಿಯ ಪೆಟ್ಟಿನ ಮರ್ಜಿಗೆ ಬಿಟ್ಟದ್ದಾಗಿತ್ತು.

ಸರಿಯಾದ ಉತ್ತರದ ಬೀಜ ನಮ್ಮ ದಕ್ಷಿಣದೇಶದಲ್ಲಿ ದೊರೆಯಿತೆಂಬುದು ಶಸ್ತ್ರಚರಿತ್ರೆಯ ಗ್ರಂಥಗಳಲ್ಲಿ ಪರಂಪರೆಯಾಗಿ ಬಂದಿರುವ ಮಾತು. ಮೂವತ್ತನಾಲ್ಕನೆಯ ಇಂಗ್ಲಿಷ್ ರೆಜಿಮೆಂಟಿನ ಕ್ಯಾಪ್ಟನ್ ಜಾನ್ ನಾರ್ಟನ್ ದಕ್ಷಿಣ ಭಾರತದಲ್ಲಿದ್ದಾಗ ಇಲ್ಲಿಯ ಜನ ಊದುಗೊಳವೆಯಿಂದ ಬಾಣ ಹಾರಿಸುವುದನ್ನು ಕಂಡನಂತೆ. ಆ ಸಣ್ಣ ಬಾಣದ ಬುಡಕ್ಕೆ ತಾವರೆಯ ಬೆಂಡನ್ನು ಕಟ್ಟಿರುತ್ತಿದ್ದರು. ಕೊಳವೆಯೊಳಕ್ಕೆ ಅದು ಸಲೀಸಾಗಿ ಇಳಿಯುತ್ತಿತ್ತು, ಊದಿದೊಡನೆ ಉಸಿರಿನ ಒತ್ತಡಕ್ಕೆ ಬೆಂಡು ಹಿಗ್ಗಿ ಕೊಳವೆಯ ಒಳಮೈಗೆ ಒತ್ತಿಕೊಂಡು ಗಾಳಿ ಎಳ್ಳಷ್ಟೂ ಸೋರದಂತೆ ತಡೆಯುತ್ತಿತ್ತು. ಉಸಿರಿನ ಬದಲಿಗೆ ಮದ್ದು, ಬೆಂಡಿನ ಬದಲಿಗೆ ಸೀಸ: ಬುಡದಲ್ಲಿ ಪೊಳ್ಳಾದ ಶಂಕುಗುಂಡನ್ನು ಮಾಡಿದರೆ, ಸಡಿಲವಾಗಿ ಇಳಿದ ಅದನ್ನು ಬಿಗಿಮಾಡುವ ಕೆಲಸವನ್ನು ಮದ್ದಿನ ಸ್ಫೋಟವೇ ಮಾಡಿಬಿಡುತ್ತದೆ! ಮೂರು ಶತಮಾನಗಳ ಕಾಲ ಶಿಲ್ಪಿಗಳು ಮನುಷ್ಯನ ತೋಳಿನಿಂದ ಮಾಡಿಸಲು ಹೆಣಗಿದ್ದನ್ನು ಹೀಗೆ ನಳಿಗೆಯೊಳಗಣ ಬಲಕ್ಕೇ ಒಪ್ಪಿಸಿದ ಈ ಆಲೋಚನೆಯ ಸರಳತೆಯನ್ನು ನೆನೆದಾಗ, ಶಸ್ತ್ರದ ಉದ್ದೇಶ ಎಷ್ಟು ಕ್ರೂರವಾದುದಾದರೂ, ಬುದ್ಧಿಯ ಈ ಗೆಲವಿಗೆ ತಲೆದೂಗದೆ ಇರಲಾಗದು. ನಾರ್ಟನ್ 1823ರಲ್ಲಿ ಅಂಥ ಗುಂಡನ್ನು ಮಾಡಿ ತೋರಿಸಿದನು. ಲಂಡನ್ನಿನ ಅಧಿಕಾರಿಗಳು ಯುದ್ಧಕ್ಕೆ ಉಂಡೆಯೇ ಯೋಗ್ಯವಾದ ಆಕಾರವೆಂದು ಹೇಳಿ ಅದನ್ನು ತಳ್ಳಿಹಾಕಿದರು. 1849ರಲ್ಲಿ ಫ್ರಾನ್ಸಿನ ಕ್ಲೋದ್ ಎತಿಯೆನ್ ಮಿನಿಯೆ ಅದೇ ತತ್ತ್ವದ ಗುಂಡಿನ ಪೊಳ್ಳಿಗೆ ಕಬ್ಬಿಣದ ಪುಟ್ಟ ಬಟ್ಟಲನ್ನು ಸೇರಿಸಿ ಪ್ರಚಾರಕ್ಕೆ ತಂದಾಗ, ಅದೇ ಇಂಗ್ಲಿಷ್ ಸರ್ಕಾರ ಆತನಿಗೆ 20,000 ಪೌಂಡುಗಳನ್ನು ಕೊಟ್ಟಿತು. ಊದುಗೊಳವೆಯ ಬಾಣಕ್ಕೆ ಬೆಂಡು ಕಟ್ಟಿದ ಕೈಗಳ ಹೆಸರು ಯಾವ ಗ್ರಂಥದಲ್ಲಿಯೂ ಇಲ್ಲ. ಆ ಅಜ್ಞಾತ ಬೇಟೆಗಾರರಿಗೆ ಸಲ್ಲಬೇಕಾದ ಗೌರವವನ್ನು ನಾವಾದರೂ ಸಲ್ಲಿಸತಕ್ಕದ್ದು.

ಈ ತತ್ತ್ವದ ಮೇಲೆ ನಿರ್ಮಿತವಾದ 1853ರ ಮಾದರಿಯ ಎನ್‌ಫೀಲ್ಡ್ ರೈಫಲು ಹಿಂದುಸ್ಥಾನದ ಚರಿತ್ರೆಯಲ್ಲಿ ಹೊಕ್ಕ ಬಗೆ ಎಲ್ಲರಿಗೂ ಗೊತ್ತು. ಅದರ ಅಳತೆಗಳು ಮಾತ್ರ ಅಷ್ಟು ಪರಿಚಿತವಲ್ಲ. ನಳಿಗೆಯ ವ್ಯಾಸ 0.577 ಅಂಗುಲ, ಉದ್ದ 39 ಅಂಗುಲ, ತೋಡುಗಳು ಮೂರು, ತೋಡಿನ ಒಂದು ಪೂರ್ಣ ಸುತ್ತಿಗೆ 78 ಅಂಗುಲ. ಆದುದರಿಂದ ಗುಂಡು ನಳಿಗೆಯನ್ನು ದಾಟುವಷ್ಟರಲ್ಲಿ ಅರ್ಧ ಸುತ್ತು ಮಾತ್ರ ತಿರುಗಿರುತ್ತದೆ. ಆದರೂ ಅದರ ವೇಗದಿಂದಾಗಿ ಹೊರಗೆ ಸೆಕೆಂಡಿಗೆ ನೂರೈವತ್ತಕ್ಕೂ ಮಿಕ್ಕ ಸುತ್ತು ತಿರುಗುತ್ತ ಹಾರುತ್ತದೆ. ಗುಂಡಿನ ತೂಕ 34 ಗ್ರಾಂ, ವ್ಯಾಸ 0.568 ಅಂಗುಲ. ನಳಿಗೆಗೂ ಗುಂಡಿಗೂ ನಡುವಣ ತೆರವು, ಬ್ರೌನ್ ಬೆಸ್ಸಿನಲ್ಲಿ ಒಂದೂವರೆ ಮಿಲಿಮೀಟರಿದ್ದದ್ದು, ಇಲ್ಲಿ ಮಿಲಿಮೀಟರಿನ ಕಾಲು ಭಾಗಕ್ಕಿಂತಲೂ ಕಡಮೆ. ಆ ಅಲ್ಪವಾದ ತೆರವನ್ನೂ ಗುಂಡಿನ ಸುತ್ತ ಸುತ್ತಿದ ಕಾಗದ ತುಂಬುತ್ತಿತ್ತು. ಮದ್ದು ಗುಂಡುಗಳೆರಡನ್ನೂ ಒಂದೇ ಕಾಗದದ ಕೊಳವೆಯಲ್ಲಿ ಅಡಕಮಾಡಿ ಕಾಡತೂಸು ಕಟ್ಟುತ್ತಿದ್ದರು. ಸಿಪಾಯಿ ಅದರ ಮದ್ದಿನ ತುದಿಯನ್ನು ಹಲ್ಲಿನಿಂದ ಹರಿದು, ಮದ್ದನ್ನು ನಳಿಗೆಗೆ ಸುರಿದು, ಕಾಡತೂಸನ್ನು ತಲೆಕೆಳಗು ಮಾಡಿ, ಜಿಡ್ಡು ಹಚ್ಚಿದ ಕಾಗದದೊಡನೆ ಗುಂಡನ್ನು ಬಾಯಿಗೆ ಒತ್ತಿ, ಮಿಕ್ಕ ಕಾಗದವನ್ನು ಮುರಿದು ಬಿಸುಟು, ಗಜಕೋಲಿನಿಂದ ಒಂದೇ ನೂಕಿಗೆ ತಳಕ್ಕಿಳಿಸಿ, ಬಂದೂಕಿನ ಕುದುರೆಯೆತ್ತಿ, ಮದ್ದಿಗೆ ಕಿಡಿ ಕೊಡುವ ಕೇಪಿಟ್ಟು ಗುರಿಹಿಡಿಯುತ್ತಿದ್ದನು. ಜಿಡ್ಡಿಲ್ಲದಿದ್ದರೆ ಕಾಗದ ಸುತ್ತಿದ ಗುಂಡು ಕಿಟ್ಟ ಹಿಡಿದ ನಳಿಗೆಯಲ್ಲಿ ಇಳಿಯದು. ಈ ಜಿಡ್ಡು ಬಿಗಿತಕ್ಕೆ ತೆತ್ತ ಬೆಲೆ. ನುಣುಪು ನಳಿಗೆಯ ಸಡಿಲ ಉಂಡೆಗೆ ಇದರ ಆವಶ್ಯಕತೆ ಎಂದೂ ಬಿದ್ದಿರಲಿಲ್ಲ.

ಇಂಗ್ಲೆಂಡಿನ ತಂಪು ಮೈದಾನಗಳಲ್ಲಿ ಪರೀಕ್ಷಿತವಾದ ಈ ಲೆಕ್ಕ ನಮ್ಮ ಬಿಸಿಲಿನಲ್ಲಿ ತಪ್ಪಿತು. ಕರಿಮದ್ದಿನ ಕಿಟ್ಟ ತೇವದ ಗಾಳಿಯಲ್ಲಿ ಮೆತ್ತಗಾಗಿರುತ್ತದೆ, ಒಣ ಸೆಕೆಯಲ್ಲಿ ಗಡುಸಾಗಿ ಗಾರೆಗಟ್ಟುತ್ತದೆ. ರಾಯಚೂರು ಮಾನ್ವಿಗಳ ಕಡೆಯವರಿಗೆ ಬೇಸಗೆಯ ವರ್ಣನೆ ಬೇಕಿಲ್ಲ. ನೆರಳಿನಲ್ಲಿಯೇ 40 ಡಿಗ್ರಿ ಮೀರುವ ದಿನಗಳಲ್ಲಿ ಬಿಸಿಲಿಗೊಡ್ಡಿದ ಕಬ್ಬಿಣದ ನಳಿಗೆ ಮುಟ್ಟಿಸಿಕೊಳ್ಳುವುದಿಲ್ಲ. ಜೇನುಮೇಣ 60 ಡಿಗ್ರಿ ದಾಟಿದ ಮೇಲಲ್ಲದೆ ಕರಗದು, ಪ್ರಾಣಿಯ ಕೊಬ್ಬಾದರೋ ಅದಕ್ಕಿಂತ ಬಹಳ ಮೊದಲೇ ಕರಗುತ್ತದೆ. ಸಿಪಾಯಿಯ ತೊಗಲುಚೀಲದೊಳಗೆ ಜಿಡ್ಡು ಕರಗಿ ಹರಿದು ಕಾಡತೂಸಿನ ಕಾಗದ ಬರಿದಾಗುತ್ತಿತ್ತು. ಗುಂಡಿಗೆ ಜಿಡ್ಡಿಲ್ಲ, ನಳಿಗೆಯಲ್ಲಿ ಗಡುಸಾದ ಕಿಟ್ಟ. 1857ರ ಬೇಸಗೆಯ ಕಾಳಗಗಳಲ್ಲಿ ಇಂಗ್ಲಿಷ್ ಸೋಲ್ಜರುಗಳೇ ಈ ಸಂಕಟವನ್ನು ಅನುಭವಿಸಿದರು. ಆ ಅನುಭವದ ಫಲವಾಗಿ ಮುಂದಿನ ಎರಡು ವರ್ಷಗಳಲ್ಲಿ ಗುಂಡಿನ ವ್ಯಾಸವನ್ನು 0.568ರಿಂದ 0.55 ಅಂಗುಲಕ್ಕೆ ಇಳಿಸಿ, ಹಿಗ್ಗುವಿಕೆ ಸಾಲದೆ ಹೋಗಬಾರದೆಂದು ಬುಡದ ಪೊಳ್ಳಿಗೆ ಮರದ ಬಿರಡೆಯನ್ನಿಟ್ಟರು. ಅರ್ಧ ಮಿಲಿಮೀಟರಿಗಿಂತ ಕಡಮೆಯಾದ ಈ ತಿದ್ದುಪಾಟು ಮೊದಲೇ ಆಗಿದ್ದರೆ ಜಿಡ್ಡಿನ ಮೇಲಿನ ಅವಲಂಬನ ಬಹಳವಾಗಿ ತಗ್ಗುತ್ತಿತ್ತು.

ಆದರೆ ಆಗಲೇ ಮಾತು ಕೈಮೀರಿತ್ತು. ಹೊಸ ರೈಫಲಿನ ಶಿಕ್ಷಣಕ್ಕೆಂದು ಡಂಡಂ, ಅಂಬಾಲ, ಸಿಯಾಲಕೋಟೆಗಳಲ್ಲಿ ತೆರೆದ ಶಾಲೆಗಳಿಂದ, ಕಾಗದಕ್ಕೆ ಹಚ್ಚಿದ್ದು ಹಸುವಿನದೂ ಹಂದಿಯದೂ ಕೊಬ್ಬೆಂಬ ಮಾತು 1857ರ ಜನವರಿಯಲ್ಲಿ ಹಬ್ಬಿತು. ಗುತ್ತಿಗೆದಾರನು ಒದಗಿಸಿದ ಕೊಬ್ಬು ಯಾವ ಪ್ರಾಣಿಯದೆಂದು ಅಧಿಕಾರಿಗಳು ವಿಚಾರಿಸಿರಲಿಲ್ಲ. ವಿಚಾರಿಸದೆ ಹಲ್ಲಿಗೆ ಮುಟ್ಟಿಸಿರೆಂದು ಹೇಳಿದ ಆ ಅಲಕ್ಷ್ಯವನ್ನು ಯಾವ ಸಮಾಧಾನವೂ ಮುಚ್ಚಲಾರದು. ಸಿಪಾಯಿಗಳು ತಮಗೆ ಒಪ್ಪುವ ಜಿಡ್ಡನ್ನು ತಾವೇ ಹಚ್ಚಿಕೊಳ್ಳಬಹುದೆಂದೂ, ಹಲ್ಲಿನ ಬದಲಿಗೆ ಕೈಯಿಂದ ಹರಿಯಬಹುದೆಂದೂ ಆಮೇಲೆ ಹೊರಟ ಅಪ್ಪಣೆಗಳು ಸಂಶಯವನ್ನು ದೃಢಪಡಿಸಿದವೇ ಹೊರತು ನೀಗಿಸಲಿಲ್ಲ.

ಉತ್ತರದಲ್ಲಿ ಹೀಗೆ ಹೊತ್ತಿದ ಸಿಪಾಯಿ ದಂಗೆಯ ಬೆಂಕಿ ನಮ್ಮ ಸೀಮೆಗೆ ತಾಕುವಾಗ ರಾಯಚೂರು ದೋಆಬ್ 1853ರ ಒಪ್ಪಂದದಂತೆ ನಿಜಾಮನಿಂದ ಕಂಪನಿಯ ಆಡಳಿತಕ್ಕೆ ಬಂದಿತ್ತು. ಒಪ್ಪಂದದ ಕಾರಣವೂ ಸೈನ್ಯದ್ದೇ: ಹೈದರಾಬಾದ್ ಕಂಟಿಂಜೆಂಟಿನ ಸಂಬಳದ ಬಾಕಿ. ಆ ಸೈನ್ಯದ ಒಂದು ದಂಡು ಲಿಂಗಸುಗೂರಿನಲ್ಲಿ ಬೀಡುಬಿಟ್ಟಿತ್ತು. ಕೃಷ್ಣೆಯ ಈಚೆ ದೇವದುರ್ಗ, ಆಚೆ ಸುರಪುರ, ಎರಡೂ ಬೇಡ ನಾಯಕರ ಹಳೆಯ ನೆಲೆಗಳು. ಬಂದೂಕು ಹಿಡಿಯುವುದು ಆ ಮನೆತನಗಳ ಆಳುಗಳಿಗೆ ಕುಲವೃತ್ತಿಯೂ ಮಾನವೂ ಆಗಿತ್ತು. 1857ರ ನವೆಂಬರಿನಲ್ಲಿ ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧಗಳನ್ನು ಒಪ್ಪಿಸಿರೆಂಬ ಕಾಯಿದೆಗೆ ತಲೆಬಾಗದೆ ಊರನ್ನೂ ಪ್ರಾಣವನ್ನೂ ತೆತ್ತರು. 1858ರ ಫೆಬ್ರವರಿ 7ರ ರಾತ್ರಿ ಸುರಪುರದ ಬಳಿ ಇಳಿದಿದ್ದ ಕ್ಯಾಪ್ಟನ್ ವಿಂಡ್‌ಹ್ಯಾಮನ ಪಾಳೆಯದ ಮೇಲೆ ರಾಜಾ ವೆಂಕಟಪ್ಪ ನಾಯಕನ ಕಡೆಯವರು ಎರಗಿದರು. ಮರುದಿನದ ಹೋರಾಟದಲ್ಲಿ ಕ್ಯಾಪ್ಟನ್ ನ್ಯೂಬೆರಿ ಎಂಬ ಅಶ್ವಸೈನ್ಯದ ಅಧಿಕಾರಿ ಮಡಿದನು. ಆದರೆ ಇಂಗ್ಲಿಷರಿಗೆ ಹೊಸ ದಂಡುಗಳ ನೆರವು ಬಂದುದರಿಂದ ನಾಯಕನು ಹೈದರಾಬಾದಿನ ಕಡೆಗೆ ಹೊರಟುಹೋಗಿ ಅಲ್ಲಿ ಸೆರೆಯಾದನು. ಬಾಲ್ಯದಿಂದ ಅವನನ್ನು ಬೆಳೆಸಿದ್ದ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರನು ಸೆರೆಮನೆಯಲ್ಲಿ ಅವನನ್ನು ಕಂಡು ಮಾತಾಡಿಸಿದ ಸಂಗತಿಯನ್ನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಅದೇ ವರ್ಷದ ಬೇಸಗೆಯ ಕೊನೆಗೆ ಮುಂಡರಗಿಯ ಭೀಮರಾಯನು ಕೊಪ್ಪಳದ ಕೋಟೆಯಲ್ಲಿ ಹೋರಾಡುತ್ತ ಮಡಿದನು. ಈ ವೀರರ ಕೈಯಲ್ಲಿದ್ದುದು ನುಣುಪು ನಳಿಗೆಯ ನಾಡಬಂದೂಕು. ಅದರ ಅಳವು ರಾಯಚೂರಿನ ಗೋಡೆಯ ಬಳಿ 1520ರಲ್ಲಿ ಎಷ್ಟಿತ್ತೋ ಬಹುಮಟ್ಟಿಗೆ ಅಷ್ಟೇ. ಶೌರ್ಯವನ್ನು ಹಾಡುವ ನಮ್ಮ ಲಾವಣಿಗಳು ನೆಲದ ಸತ್ಯವನ್ನೇ ಹಾಡುತ್ತವೆ, ಸಂದೇಹವಿಲ್ಲ. ಆದರೆ ಸೋಲಿನ ಕಾರಣಗಳನ್ನು ಎಣಿಸುವಾಗ ದ್ರೋಹ ದುರ್ದೈವಗಳನ್ನು ಮಾತ್ರ ಹೇಳಿ, ಲೋಹದ ಅಳತೆಯನ್ನು ಬಿಟ್ಟುಬಿಡುವ ನಮ್ಮ ಅಭ್ಯಾಸ ಸರಿಯಾದುದಲ್ಲ.

ಇಂಗ್ಲಿಷರಂತೂ ಆ ಅಳತೆಯ ಮಹತ್ತ್ವವನ್ನು ಮರೆಯಲಿಲ್ಲ. ದಂಗೆಯ ಬಳಿಕ ದೇಶೀಯ ಸಿಪಾಯಿಗಳಿಗೆಂದು ಅವರು ಮಾಡಿಸಿದ ಬಂದೂಕು ಹೊರನೋಟಕ್ಕೆ ಎನ್‌ಫೀಲ್ಡಿನಂತೆಯೇ ಇತ್ತು. ಒಳಗೆ ಮಾತ್ರ ತೋಡುಗಳಿಲ್ಲದ, 0.656 ಅಂಗುಲದ ನುಣುಪು ನಳಿಗೆ. ದೂರದ ಗುರಿ ಬಿಳಿಯ ಸೋಲ್ಜರನಿಗೆ, ಹತ್ತಿರದ ಗುರಿ ಕರಿಯ ಸಿಪಾಯಿಗೆ! ಒಂದು ಸಾಮ್ರಾಜ್ಯ ತನ್ನ ಸೈನಿಕರ ಮೇಲೆ ಇಟ್ಟಿದ್ದ ನಂಬಿಕೆಯ ಪ್ರಮಾಣವನ್ನು ಇದಕ್ಕಿಂತ ನಿಚ್ಚಳವಾಗಿ ತೋರಿಸುವ ದಾಖಲೆ ಇನ್ನೊಂದಿರಲಾರದು. 1866ರ ಹೊತ್ತಿಗೆ ಸ್ನೈಡರನ ಉಪಾಯದಿಂದ ಎನ್‌ಫೀಲ್ಡಿನ ಹಿಂಬದಿಯನ್ನು ಕತ್ತರಿಸಿ ಬಾಗಿಲಿಟ್ಟು, ಕಾಡತೂಸನ್ನು ಹಿಂದಿನಿಂದ ತುಂಬುವ ಪದ್ಧತಿ ಬಂದಿತು. ಗುಂಡು ಬಾಯಿಯಿಂದ ಇಳಿಯಬೇಕಾದುದೇ ತಪ್ಪಿದ ಮೇಲೆ ಅದು ಎಷ್ಟು ಬಿಗಿಯಾಗಿದ್ದರೂ ಬಾಧಕವಿಲ್ಲವಾಯಿತು.

ಉಳಿದಿರುವುದು ಹಳೆಯ ಬಂದೂಕುಗಳು. ರಾಯಚೂರು, ದೇವದುರ್ಗ, ಮಾನ್ವಿಗಳ ಹಳೆಯ ವಾಡೆಗಳಲ್ಲಿ ಅಜ್ಜನ ಕಾಲದ ಅಂಥದೊಂದು ಬಂದೂಕು ಗೋಡೆಯ ಗೂಟದ ಮೇಲೆ ನಿಂತಿದ್ದರೆ, ಅದನ್ನು ಇಳಿಸಿ ಒರಸುವ ಮೊದಲು ಓದುಗರು ಒಂದು ಮಾತನ್ನು ನಡಸಿಕೊಡಬೇಕು. ಕರಿಮದ್ದು ಒಣಗಿದ್ದರೆ ತಲೆಮಾರುಗಳ ತರುವಾಯವೂ ಹೊತ್ತುತ್ತದೆ. ತುಂಬಿ ಮರೆತ ಈಡು ಇನ್ನೂ ಒಳಗಿರಬಹುದು. ನಳಿಗೆಯ ಬಾಯಿ ಯಾರ ಕಡೆಗೂ ತಿರುಗದಂತೆ ಹಿಡಿದು, ಕುದುರೆಯನ್ನೂ ಕೇಪಿನ ಜಾಗವನ್ನೂ ಮುಟ್ಟದೆ, ಬಾಯಿಯ ಎದುರಿಗೆ ನಿಲ್ಲದೆ ಪಕ್ಕದಿಂದ ತೆಳ್ಳನೆಯ ಮರದ ಕಡ್ಡಿಯೊಂದನ್ನು ಮೆಲ್ಲಗೆ ಒಳಕ್ಕೆ ಬಿಟ್ಟು, ಬಾಯಿಯ ಮಟ್ಟಕ್ಕೆ ಗುರುತು ಹಾಕಿ, ಅದೇ ಕಡ್ಡಿಯನ್ನು ಹೊರಗೆ ನಳಿಗೆಯ ಪಕ್ಕದಲ್ಲಿಟ್ಟು ನೋಡಿರಿ. ಕಡ್ಡಿಯ ತುದಿ ಕೇಪು ಕೂರಿಸುವ ಜಾಗದವರೆಗೆ ಮುಟ್ಟದೆ ಎರಡು ಮೂರು ಬೆರಳಷ್ಟು ಹಿಂದೆ ನಿಂತರೆ ಬಂದೂಕು ತುಂಬಿದೆಯೆಂದೇ ತಿಳಿಯಬೇಕು. ಅದನ್ನು ನೀವೇ ಬಿಚ್ಚಲು ಹೋಗದೆ, ಇದ್ದಲ್ಲಿಯೇ ಬಿಟ್ಟು, ಸಮೀಪದ ಪೊಲೀಸ್ ಠಾಣೆಗೆ ತಿಳಿಸಿರಿ. ಬಾಯಿಯಿಂದ ತುಂಬುವ ಬಂದೂಕನ್ನು ಇಟ್ಟುಕೊಳ್ಳುವುದಕ್ಕೂ 1959ರ ಆಯುಧ ಕಾಯಿದೆಯಂತೆ ಲೈಸೆನ್ಸು ಬೇಕು.